ಸಿಂಬಲ್ ಕೆಳಗಿಟ್ಟು ಮಾಡಿದ ಆಲ್ಬಮ್

ನಾನು ಡ್ರಮ್ಮರ್. ಪಾಪ್ ರಾಕ್ ಬ್ಯಾಂಡೊಂದು ಶೈಲಿ ಬದಲಿಸುತ್ತೇನೆ ಎಂದು ಹೊರಟಾಗ ಮೊದಲು ಅಲುಗಾಡುವುದು ನಮ್ಮ ಸ್ಟೂಲೇ. ಗಿಟಾರಿಸ್ಟ್ ಕೈಗೆ ಸಿಂಥ್ (ಸಿಂಥಸೈಜರ್) ಕೊಟ್ಟರೆ ನುಡಿಸಿಕೊಂಡಿರುತ್ತಾನೆ, ಗಾಯಕಿ ಹೇಗಿದ್ದರೂ ಹಾಡಲೇಬೇಕು. ಡ್ರಮ್ಮರ್ ಜಾಗಕ್ಕೆ ಮಾತ್ರ ಯಂತ್ರ ಬಂದು ಕೂರುತ್ತದೆ. 1990ರ ಕೊನೆಗೆ ಯು2 ಬರ್ಲಿನ್‌ನ ಹಾನ್ಸಾ ಸ್ಟುಡಿಯೋದಲ್ಲಿ ‘ಆಕ್ಟುಂಗ್ ಬೇಬಿ’ ಆಲ್ಬಮ್ ಶುರುಮಾಡಿದಾಗ ಬ್ಯಾಂಡ್ ಒಡೆಯುವ ಮಟ್ಟಕ್ಕೆ ಹೋಗಿದ್ದರ ಹಿಂದೆ ಈ ಜಗಳವೂ ಇತ್ತು. ಗಾಯಕ ಬೋನೋ ಮತ್ತು ಗಿಟಾರಿಸ್ಟ್ ಎಡ್ಜ್‌ಗೆ ಡ್ರಮ್ ಮಶೀನು, ಕ್ಲಬ್ಬಿನ ಬೀಟು ಬೇಕು. ಡ್ರಮ್ಸ್‌ನ ಲ್ಯಾರಿ ಮುಲೆನ್, ಬೇಸ್‌ನ ಆ್ಯಡಮ್ ಕ್ಲೇಟನ್ ಒಪ್ಪುವ ಮನಸ್ಸಿನಲ್ಲಿರಲಿಲ್ಲ. ಆ ಕಥೆ ಗೊತ್ತಿದ್ದರಿಂದ ನಮ್ಮ ಮೂರನೇ ಆಲ್ಬಮ್ಮಿನ ಮಾತು ಎದ್ದಾಗ ಒಂದು ಲೆಕ್ಕ ಹಾಕಿದೆ: ಬದಲಾವಣೆ ಹೇಗೂ ಬರುತ್ತದೆ, ಅದು ನನ್ನ ಕಿಟ್‌ನಿಂದಲೇ ಶುರುವಾಗಲಿ.

ಮೊದಲೆರಡು ಆಲ್ಬಮ್ ಒಂದೇ ಅಚ್ಚಿನವು. ನಿಮಿಷಕ್ಕೆ 150 ಬೀಟ್ ಆಸುಪಾಸಿನ ವೇಗ, ಡಿಸ್ಟಾರ್ಷನ್ ಹಾಕಿ ಸದ್ದು ಒರಟಾಗಿಸಿದ ಎರಡು ಗಿಟಾರ್, ಪಲ್ಲವಿ ಬಂದ ಕೂಡಲೇ ನಾನು ಎರಡೂ ಕ್ರ್ಯಾಶ್ ಸಿಂಬಲ್ (ಝಲ್ಲೆನ್ನುವ ಲೋಹದ ತಟ್ಟೆ) ಬಡಿಯುವುದು. ಬದಲಾಗಬೇಕು ಎಂಬುದರಲ್ಲಿ ಎಲ್ಲರೂ ಒಂದೇ, ಏನಾಗಬೇಕು ಎಂದರೆ ತಲೆಗೊಂದು ಮಾತು. ಡೆಮೋಗಳಲ್ಲಿ ಹೊಸದಾಗಿ ಬಂದದ್ದು ಮೇಲೊಂದು ಸಿಂಥ್ ಪದರ ಅಷ್ಟೇ; ಕೆಳಗೆ ಅದೇ ಹಾಡು, ಅದೇ ಏರಿಳಿತ. ಸದ್ದು ಸೇರಿಸುತ್ತಾ ಹೋದರೆ ಶೈಲಿ ಬದಲಾಗದು, ಕೈಗೆ ರೂಢಿಯಾದ ಒಂದು ದಾರಿ ಮುಚ್ಚಿದರೆ ತಾನಾಗಿಯೇ ಬದಲಾಗುತ್ತದೆ ಎಂದು ವಾದಿಸಿದೆ. ಬೇರೆಯವರ ದಾರಿ ಮುಚ್ಚಿದರೆ ಯಾರು ಸುಮ್ಮನಿರುತ್ತಾರೆ? ಹಾಗಾಗಿ ನನ್ನದನ್ನೇ ಮುಚ್ಚಿದೆ. ಈ ಆಲ್ಬಮ್ಮಿನಲ್ಲಿ ಕ್ರ್ಯಾಶ್ ಇಲ್ಲ, ತಾಳ ಹಿಡಿಯುವ ರೈಡ್ ಸಿಂಬಲ್ ಇಲ್ಲ. ಜೋಡಿ ತಟ್ಟೆಯ ಹೈ-ಹ್ಯಾಟ್ ಇರಲಿ, ಮುಚ್ಚಿಯೇ ಇರಲಿ.

ಇದು ಸ್ವಂತ ಬುದ್ಧಿಯೇನಲ್ಲ. ಇಂಗ್ಲಿಷ್ ಗಾಯಕ ಪೀಟರ್ ಗೇಬ್ರಿಯಲ್ 1980ರ ತನ್ನ ಮೂರನೇ ಆಲ್ಬಮ್ಮಿನಲ್ಲಿ ಡ್ರಮ್ಮರ್‌ಗಳಾದ ಫಿಲ್ ಕಾಲಿನ್ಸ್, ಜೆರಿ ಮರೋಟಾ ಇಬ್ಬರಿಗೂ ಸಿಂಬಲ್ ಬೇಡ ಎಂದಿದ್ದ. ಅಲ್ಲಿ ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಕೋಣೆಯ ಮೈಕನ್ನು ವಿಪರೀತ ಕಂಪ್ರೆಸ್ ಮಾಡಿ (ಸಣ್ಣ ಸದ್ದೂ ದೊಡ್ಡದರ ಮಟ್ಟಕ್ಕೆ ಏಳುವಂತೆ ಮಾಡಿ), ಅದರ ಗುಂಯ್‌ಗುಡುವಿಕೆಯನ್ನು ಸದ್ದು ತಗ್ಗಿದೊಡನೆ ಮುಚ್ಚಿಕೊಳ್ಳುವ ನಾಯ್ಸ್ ಗೇಟಿನಿಂದ ಥಟ್ಟನೆ ಕತ್ತರಿಸಿದ. ಹಾಗೆ ಹುಟ್ಟಿದ ಡ್ರಮ್ ಸದ್ದು ಮುಂದಿನ ಹತ್ತು ವರ್ಷ ಪಾಪ್ ಸಂಗೀತವನ್ನು ಆಳಿತು. ಅಷ್ಟು ಕಂಪ್ರೆಷನ್ ಇರುವ ಕಡೆ ಒಂದೇ ಒಂದು ಕ್ರ್ಯಾಶ್ ಬಿದ್ದಿದ್ದರೂ ಅದರ ಬುಸುಗುಟ್ಟುವಿಕೆ ಮೇಲೆದ್ದು ಉಳಿದದ್ದನ್ನೆಲ್ಲ ನುಂಗುತ್ತಿತ್ತು. ನಮಗೆ ಮಾತ್ರ ಆ ಭಾರಿ ಸದ್ದು ಬೇಕಿರಲಿಲ್ಲ, ಒಣಗಿದ ಪುಟ್ಟ ಸದ್ದು ಬೇಕಿತ್ತು. ಸ್ನೇರ್, ಟಾಮ್ ಡ್ರಮ್‌ಗಳ ಮೇಲೆ ತೆಳು ಬಟ್ಟೆ ಹಾಸಿದೆವು, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಒಳಗೆ ದಿಂಬು ತುರುಕಿದೆವು, ಕಿಟ್ ಮೇಲ್ಭಾಗಕ್ಕೆ ಒಂದೇ ಮೈಕ್ ಇಟ್ಟೆವು. ಕೈ ಮಾತ್ರ ಕೇಳಬೇಕಲ್ಲ! ವರ್ಷಗಟ್ಟಲೆ ಪ್ರತಿ ಫಿಲ್ (ಹಾಡಿನ ಎರಡು ಭಾಗಗಳ ನಡುವೆ ಬಾರಿಸುವ ಉರುಳಿಕೆ) ಮುಗಿದೊಡನೆ ಕ್ರ್ಯಾಶ್ ಹುಡುಕಿದ ಕೈ ಅದು. ಸಿಂಬಲ್ ಇದ್ದ ಜಾಗದಲ್ಲಿ ರಬ್ಬರ್ ಪ್ಯಾಡ್ ಕಟ್ಟಿದೆ. ಆಮೇಲೆ ಫಿಲ್‌ಗಳೇ ಚಿಕ್ಕದಾದವು, ಕೊನೆಗೆ ಹೆಚ್ಚಿನವು ಹೋಗೇಬಿಟ್ಟವು. ಕ್ರ್ಯಾಶ್‌ನಲ್ಲಿ ಇಳಿಯಲಾಗದ ಫಿಲ್‌ಗೆ ಅರ್ಥವೇ ಇರುವುದಿಲ್ಲ.

ಮೊದಲ ಲಾಭ ಗಾಯಕಿಗೆ ಆಯಿತು. ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳುವುದು ಸುಮಾರು 3 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ, ಸಿಂಬಲ್ ಹರಡಿಕೊಳ್ಳುವುದೂ ಅಲ್ಲೇ. ಆ ಜಾಗ ತೆರವಾದ ಮೇಲೆ ಅವಳು ಕಿರುಚಬೇಕಾಗಿರಲಿಲ್ಲ. ಹಾಡುಗಳ ಶ್ರುತಿ ಇಳಿಸಿದೆವು, ಮೈಕ್ ತುಟಿಯ ಹತ್ತಿರಕ್ಕೆ ಬಂತು. ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ) ಮೈಕ್ ಹತ್ತಿರವಾದಷ್ಟೂ ಮಂದ್ರ ಉಬ್ಬುತ್ತದೆ. ಕಿವಿಯ ಪಕ್ಕ ಕೂತು ಹೇಳಿದಂಥ ಆ ದನಿಗೆ ಹಳೆಯ ಸಾಹಿತ್ಯ ಹೊಂದಲಿಲ್ಲ. ಘೋಷಣೆಯಂಥ ಸಾಲುಗಳನ್ನು ಅವಳೇ ಹೊಡೆದುಹಾಕಿ ಹೊಸದಾಗಿ ಬರೆದಳು.

ನಾನು ಎಣಿಸದೇ ಇದ್ದದ್ದು ಗಿಟಾರಿನ ಕಡೆ ನಡೆಯಿತು. ಒಣ ಡ್ರಮ್ಸ್ ಪಕ್ಕ ಡಿಸ್ಟಾರ್ಷನ್ ಗಿಟಾರ್ ಇಟ್ಟರೆ ಡ್ರಮ್ಸ್ ಕಾಣೆಯಾಗುತ್ತದೆ. ಗಿಟಾರಿಸ್ಟ್ ಬೇಸರದಿಂದಲೇ ಡಿಸ್ಟಾರ್ಷನ್ ಪೆಡಲ್ ಆಫ್ ಮಾಡಿದ. ಮಾಡಿದ ಮೇಲೆ ಗೊತ್ತಾಯಿತು, ಇಷ್ಟು ದಿನ ನಮ್ಮ ಸ್ವರಸಂಯೋಜನೆಯನ್ನು ಬರೆಯುತ್ತಿದ್ದದ್ದು ಅವನಲ್ಲ, ಆ ಪೆಡಲ್. ರಾಕ್‌ನಲ್ಲಿ ಪವರ್ ಕಾರ್ಡ್ ಎಂದರೆ ಬರೀ ಷಡ್ಜ, ಪಂಚಮ. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಷನ್‌ಗೆ ಹೋದಾಗ ಅವುಗಳ ಕಂಪನಾಂಕದ ಮೊತ್ತ, ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡುವ ಗಿಟಾರಿನ ಫ್ರೆಟ್‌ಗಳಲ್ಲಿ ಪಂಚಮ ತನ್ನ ಶುದ್ಧ ಸ್ಥಾನಕ್ಕಿಂತ 2 ಸೆಂಟ್ (ಅರ್ಧಸ್ವರದ ನೂರನೇ ಪಾಲು ಒಂದು ಸೆಂಟ್) ಮಾತ್ರ ತಗ್ಗು. ಅಂತರ ಗಾಂಧಾರವೋ 14 ಸೆಂಟ್ ಏರು. ಮೂರನೆಯ ಸ್ವರವಾಗಿ ಗಾಂಧಾರ ಸೇರಿಸಿದರೆ ಎಲ್ಲ ರಾಡಿಯಾಗುವುದು ಅದಕ್ಕೇ. ಆದ್ದರಿಂದ ಗಾಂಧಾರವನ್ನು ಗಾಯಕಿಗೆ ಬಿಟ್ಟು ಗಿಟಾರ್ ಖಾಲಿ ಕಾರ್ಡ್ ಬಡಿಯುತ್ತದೆ, ಹಾಡು ಮೇಜರೋ ಮೈನರೋ ಎನ್ನುವುದು ಅವಳ ರಾಗದ ಹೊಣೆ.

ಪೆಡಲ್ ಹೋದೊಡನೆ ಗಾಂಧಾರ, ನಿಷಾದ, ಮೇಲಿನ ರಿಷಭ ಎಲ್ಲ ಗಿಟಾರಿಗೂ ಸಿಂಥ್‌ಗೂ ಸಿಕ್ಕವು. ಆಗ ಗಾಯಕಿಯ ಹಳೆಯ ರಾಗ ಹೇಳಿದ್ದನ್ನೇ ಹೇಳುವಂತಾಯಿತು. ಗಾಂಧಾರದಲ್ಲಿ ನಿಲ್ಲುತ್ತಿದ್ದವಳು ಬೇರೆ ಕಡೆ ನಿಲ್ಲತೊಡಗಿದಳು. ನಮ್ಮ ಹಾಡುಗಳು ನಿಜಕ್ಕೂ ಬೇರೆಯಾದದ್ದು ಈ ಹಂತದಲ್ಲಿ. ಕೇಳಿದವರೆಲ್ಲ ‘ಸಿಂಥ್ ಬಂತು’ ಎಂದರು. ಸಿಂಥ್ ಬಂದದ್ದು ಕೊನೆಗೆ.

ಈಗ ತಲೆನೋವಿನ ವಿಷಯ: ಪಲ್ಲವಿ ಏಳುವುದೇ ಇಲ್ಲ. ಪಾಪ್ ರಾಕ್‌ನಲ್ಲಿ ಪಲ್ಲವಿ ಎತ್ತುವ ಕೆಲಸವನ್ನು ಕ್ರ್ಯಾಶ್ ಮತ್ತು ಡಿಸ್ಟಾರ್ಷನ್ ಪುಕ್ಕಟೆ ಮಾಡಿಕೊಡುತ್ತಿದ್ದವು. ಅವೆರಡೂ ಇಲ್ಲದೆ ಪ್ರತಿ ಹಾಡಿಗೂ ಬೇರೆ ಉಪಾಯ ಬೇಕಾಯಿತು. ಒಂದರಲ್ಲಿ ಚರಣ ಪೂರ್ತಿ ಬೇಸ್ ಮೌನ, ಪಲ್ಲವಿಯ ಮೊದಲ ಬೀಟಿಗೆ ಪ್ರವೇಶ. ಬೇಸ್‌ನ ಕೆಳಗಿನ ತಂತಿ 41 ಹರ್ಟ್ಸ್. ಫೋನಿನ ಸ್ಪೀಕರಿಗೆ ಅದು ನಿಲುಕುವುದಿಲ್ಲ, ಹಾಗಾಗಿ ಸ್ವಲ್ಪ ಸ್ಯಾಚುರೇಷನ್ (ಹದವಾದ ಡಿಸ್ಟಾರ್ಷನ್) ಕೊಟ್ಟು ಮೇಲಿನ ಹಾರ್ಮೋನಿಕ್ ಎಬ್ಬಿಸಿದೆವು. ಇನ್ನೊಂದರಲ್ಲಿ ಪಲ್ಲವಿಗೆ ಹದಿನಾರನೇ ನೋಟ್‌ಗಳ ಶೇಕರ್ ಬರುತ್ತದೆ, ವೇಗ ಅಷ್ಟೇ ಇದ್ದರೂ ಓಡಿದಂತೆ ಕೇಳುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಪಲ್ಲವಿಯಲ್ಲಿ ಎಲ್ಲ ಕಡಿಮೆಯಾಗುವ ಹಾಡು: ಬರೀ ಕಿಕ್ ಮತ್ತು ದನಿ. ಗಿಟಾರಿಸ್ಟ್‌ಗೆ ಅದು ಇವತ್ತಿಗೂ ಒಪ್ಪಿಗೆಯಿಲ್ಲ.

ಡ್ರಮ್ ಮಶೀನ್ ಬರಲಿಲ್ಲವೇ? ಬಂತು, ನಾನೇ ತಂದೆ. 808 ಎಂಬ ಡ್ರಮ್ ಮಶೀನಿನ ಉದ್ದನೆಯ ಕಿಕ್ ಅನ್ನು ನನ್ನ ಕಿಕ್ ಕೆಳಗೆ ಹಾಕಿದೆವು. ಅದು ಬಡಿದಾಗಲೆಲ್ಲ ಬೇಸ್ ಒಂದಿಷ್ಟು ತಗ್ಗುವಂತೆ ಸೈಡ್‌ಚೈನ್ ಕಟ್ಟಿದೆವು. ಯಂತ್ರ ಗ್ರಿಡ್ ಮೇಲೆ, ಅಂದರೆ ಬೀಟಿನ ಕರಾರುವಾಕ್ಕು ಗೆರೆಯ ಮೇಲೆ ನಿಲ್ಲುತ್ತದೆ, ನಾನು ಸ್ನೇರನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಾರಿಸುತ್ತೇನೆ. 150ರ ವೇಗದಲ್ಲಿ ಒಂದು ಹದಿನಾರನೇ ನೋಟ್ ಎಂದರೆ 100 ಮಿಲಿಸೆಕೆಂಡ್. 100ಕ್ಕೆ ಇಳಿದರೆ 150 ಮಿಲಿಸೆಕೆಂಡ್. ಆ ಹೆಚ್ಚಿನ ಜಾಗದಲ್ಲಿ ಹತ್ತು ಹದಿನೈದು ಮಿಲಿಸೆಕೆಂಡ್ ಹಿಂದೆ ಬಿದ್ದರೆ ತಪ್ಪಿದಂತೆ ಕೇಳದು, ಒರಗಿ ಕೂತಂತೆ ಕೇಳುತ್ತದೆ. ಎಡಿಟಿಂಗ್ ವೇಳೆ ಎಂಜಿನಿಯರ್ ಅದನ್ನೆಲ್ಲ ಗ್ರಿಡ್‌ಗೆ ಎಳೆಯಲು ಹೊರಟಾಗ ಕೈ ಹಿಡಿದು ನಿಲ್ಲಿಸಬೇಕಾಯಿತು.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟ್ರೀಮಿಂಗ್‌ನಲ್ಲಿ ಹೇಗೂ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಸುತ್ತಮುತ್ತಲಿಗೆ ತಗ್ಗಿಸುತ್ತಾರೆ, ಜಗ್ಗಾಡಿ ಜೋರು ಮಾಡುವುದರಲ್ಲಿ ಲಾಭವಿಲ್ಲ. ಮೊದಲು ಯಾವ ಹಾಡು ಬಿಡುಗಡೆ ಮಾಡಬೇಕು ಎನ್ನುವುದಕ್ಕೆ ಮಾತ್ರ ದೊಡ್ಡ ವಾಗ್ವಾದ ನಡೆಯಿತು. ಹಳೆಯದಕ್ಕೆ ಹತ್ತಿರವಿರುವುದನ್ನು ಮೊದಲು ಬಿಡುಗಡೆ ಮಾಡಿ ಕೇಳುಗರನ್ನು ಮೆಲ್ಲನೆ ಕರೆತರೋಣ ಎಂದರು ಕೆಲವರು. ನಾನು ಒಪ್ಪಲಿಲ್ಲ. ಹಾಗೆ ಬಂದವರು ಎರಡನೇ ಹಾಡಿಗೆ ಎದ್ದು ಹೋಗುತ್ತಾರೆ. ರೇಡಿಯೋಹೆಡ್ ಬ್ಯಾಂಡ್ 2000ದಲ್ಲಿ ‘ಕಿಡ್ ಎ’ ಆಲ್ಬಮ್ಮಿನಿಂದ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾಗುವ ಹಾಡು) ಅಂತ ಒಂದನ್ನೂ ತರಲಿಲ್ಲ. ಅಷ್ಟು ಧೈರ್ಯ ನಮಗಿಲ್ಲ, ಆದರೆ ಎಲ್ಲಕ್ಕಿಂತ ಅಪರಿಚಿತವಾದ ಹಾಡನ್ನೇ ಮೊದಲು ಬಿಡುಗಡೆ ಮಾಡಿದೆವು. ಬೈದವರು ಬೈದರು, ಬೈಗುಳದಲ್ಲಿ ಹೆಚ್ಚಿನದು ಗಿಟಾರ್ ಎಲ್ಲಿ ಎಂಬುದೇ ಆಗಿತ್ತು, ಸಿಂಬಲ್ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ವೇದಿಕೆಯಲ್ಲಿ ಇನ್ನೊಂದು ಪಾಡು. 808ರ ಕಿಕ್, ಶೇಕರ್ ಎಲ್ಲ ಸ್ಯಾಂಪಲ್ ಪ್ಯಾಡಿನಲ್ಲಿವೆ, ಕಿವಿಯಲ್ಲಿ ವೇಗ ತೋರಿಸುವ ಕ್ಲಿಕ್ ಓಡುತ್ತದೆ. ಒಣ ಡ್ರಮ್ಸ್ ದೊಡ್ಡ ಸಭಾಂಗಣದಲ್ಲಿ ಒಣಗಿರುವುದಿಲ್ಲ, ಗೋಡೆಗಳೇ ರಿವರ್ಬ್ ಸೇರಿಸುತ್ತವೆ. ಅದಕ್ಕೆ ಸೌಂಡ್ ಚೆಕ್‌ನಲ್ಲಿ ಬಟ್ಟೆಯ ಪದರ ಹೆಚ್ಚಿಸುತ್ತೇನೆ. ಹಳೆಯ ಹಾಡುಗಳನ್ನು ಹಳೆಯ ರೀತಿಯಲ್ಲೇ ನುಡಿಸಿದರೆ ಎರಡು ಬೇರೆ ಬ್ಯಾಂಡ್ ಬಂದಂತಾಗುತ್ತದೆ, ಆದ್ದರಿಂದ ಅವನ್ನೂ ನಿಧಾನ ಮಾಡಿ, ಪೆಡಲ್ ಇಲ್ಲದೆ ಹೊಸದಾಗಿ ಕಟ್ಟಿದೆವು. ಕೆಲವು ಹಾಡು ಇದರಿಂದ ಚೆನ್ನಾದವು. ವೇಗವನ್ನೇ ನಂಬಿದ್ದ ಕೆಲವು ನಿಲ್ಲಲಿಲ್ಲ, ಅವನ್ನು ಸದ್ಯಕ್ಕೆ ಪಟ್ಟಿಯಿಂದ ಕೈಬಿಟ್ಟಿದ್ದೇವೆ. ಜನ ಕೂಗಿ ಕೇಳುವುದೂ ಅವನ್ನೇ.