ಆಗುಂಬೆ ಮಳೆಯಲ್ಲಿ ಸೈಕಲ್ ಉಳಿಸಿಕೊಂಡ ಬಗೆ

ಜೂನ್ ಬಂತೆಂದರೆ ನಮ್ಮ ತೀರ್ಥಹಳ್ಳಿ ಕಡೆ ಗೇರ್ ಸೈಕಲ್‌ಗಳೆಲ್ಲ ಅಟ್ಟ ಸೇರುತ್ತವೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ ಹೊಡೆಯುವ ಆಗುಂಬೆ ದಾರಿಯಲ್ಲಿ ಓಡಿಸಿದರೆ ಸೆಪ್ಟೆಂಬರ್ ಹೊತ್ತಿಗೆ ಚಕ್ರದ ನಡುವಿನ ಹಬ್, ಚೈನ್, ಟೈರ್ ಕೂರುವ ರಿಮ್ ಮೂರೂ ಗುಜರಿಗೆ ಅಂತ ಅಂಗಡಿಯವರಿಂದ ಹಿಡಿದು ಜೊತೆಗೆ ಓಡಿಸುವವರವರೆಗೆ ಎಲ್ಲರೂ ಹೇಳಿದ್ದರು. ಹೋದ ಮಳೆಗಾಲ ಪೂರ್ತಿ ಓಡಿಸಿದ್ದೇನೆ, ಹಬ್ ಅದೇ, ರಿಮ್ ಅದೇ. ಅನುಮಾನಪಟ್ಟವರು ಬಂದು ಚಕ್ರ ತಿರುಗಿಸಿ ನೋಡಿಹೋಗಿದ್ದಾರೆ. ಬಿಚ್ಚಿ ಜೋಡಿಸಲು ಬರುವವರಿಗೆ ಅಂತ ಬರೆಯುತ್ತಿದ್ದೇನೆ. ಸ್ಪ್ಯಾನರ್ ಪಾಠ ಇದರಲ್ಲಿಲ್ಲ.

ನನ್ನ ಗಾಡಿ ಸ್ಟೀಲ್ ಫ್ರೇಮಿನ ಹೈಬ್ರಿಡ್, ಹಿಂದೆ 8 ಗೇರ್, 35 ಮಿ.ಮೀ. ಅಗಲದ ಟೈರ್, ಹೋದ ಮಳೆಗಾಲದಲ್ಲಿ ಎರಡೂ ಕಡೆ ರಿಮ್ಮನ್ನು ಹಿಡಿಯುವ ವಿ-ಬ್ರೇಕ್. ಎಲ್ಲರೂ ಮಾಡುವುದು ನೀರು ಒಳಗೆ ಹೋಗದಂತೆ ಸಿಲಿಕೋನ್ ಬಳಿದು, ಟೇಪ್ ಸುತ್ತಿ ಮುಚ್ಚುವ ಕೆಲಸ. ಈ ಮಳೆಗೆ ಅದು ನಡೆಯಲ್ಲ. ನೀರು ಹೇಗೂ ನುಗ್ಗುತ್ತೆ, ಮುಚ್ಚಿದ ಮೇಲೆ ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಕೊಳೆಯುತ್ತೆ. ಹಾಗಾಗಿ ಮೇಲಿನಿಂದ ಬರುವುದನ್ನು ಕಡಿಮೆ ಮಾಡಿ, ಕೆಳಗಿನಿಂದ ಇಳಿದುಹೋಗಲು ದಾರಿ ಬಿಡಬೇಕು. ಇಡೀ ಪದ್ಧತಿ ಇಷ್ಟೇ.

ಸೀಟಿನ ಕಂಬ ಇಳಿಯುವ ಫ್ರೇಮಿನ ಕೊಳವೆಯ (ಸೀಟ್ ಟ್ಯೂಬ್) ಸೀಳು ಹಿಂದಕ್ಕಿರುತ್ತೆ, ಹಿಂದಿನ ಚಕ್ರದ ನೀರು ನೇರ ಅಲ್ಲಿಗೇ ಹೊಡೆಯುತ್ತೆ. ಚಕ್ರದ ಹಳೇ ರಬ್ಬರ್ ಟ್ಯೂಬಿನ ನಾಲ್ಕು ಇಂಚು ತುಂಡನ್ನು ಕ್ಲಾಂಪಿನ ಮೇಲೆ ಎಳೆದು ಕೂರಿಸಿದರೆ ಮುಕ್ಕಾಲುಪಾಲು ನಿಂತಿತು. ಉಳಿದದ್ದು ಪೆಡಲ್ ತಿರುಗುವ ಅಚ್ಚಿನ ಜಾಗಕ್ಕೆ, ಅಂದರೆ ಬಾಟಮ್ ಬ್ರಾಕೆಟ್‌ಗೆ ಇಳಿಯುತ್ತೆ. ಸ್ಟೀಲ್ ಫ್ರೇಮುಗಳಿಗೆ ಎಷ್ಟೋ ಸಲ ಅಡಿಯಲ್ಲಿ ತೂತು ಇದ್ದೇ ಇರುತ್ತೆ, ಕೆಮ್ಮಣ್ಣು ಕೂತು ಕಟ್ಟಿರುತ್ತೆ. ವಾರಕ್ಕೊಮ್ಮೆ ತಂತಿ ಚುಚ್ಚಿ ಬಿಡಿಸಿ. ತೂತೇ ಇಲ್ಲದಿದ್ದರೆ ಬ್ರಾಕೆಟ್ ಬಿಚ್ಚಿಟ್ಟು 4 ಮಿ.ಮೀ. ಡ್ರಿಲ್ ಹೊಡೆದು, ಅಂಚಿಗೆ ಪೇಂಟ್ ಹಚ್ಚಿ. ಇದು ಸ್ಟೀಲಿಗೆ ಮಾತ್ರ. ಕಾರ್ಬನ್ ಫ್ರೇಮಿಗೆ ಡ್ರಿಲ್ ಮುಟ್ಟಿಸಲೇಬೇಡಿ. ಹ್ಯಾಂಡಲ್ ತಿರುಗುವ ಜಾಗದ (ಹೆಡ್‌ಸೆಟ್) ಕೆಳಗಿನ ಬೇರಿಂಗಿಗೂ ಅದೇ ಟ್ಯೂಬ್ ತುಂಡು ಸಾಕು.

ಹಬ್ ಹಾಳಾಗುವುದು ಮಳೆಯಿಂದ ಕಡಿಮೆ, ವಾಟರ್ ಸರ್ವಿಸ್ ಪೈಪಿನಿಂದ ಹೆಚ್ಚು. ಆ ಒತ್ತಡದ ನೀರು ಯಾವ ಸೀಲನ್ನೂ ದಾಟುತ್ತೆ. ಮಗ್‌ನಲ್ಲಿ ನೀರು ಹುಯ್ದು, ಬ್ರಷ್‌ನಲ್ಲಿ ತೊಳೆದರೆ ಸಾಕು. ಜೂನ್‌ಗೆ ಮುಂಚೆ ಹಬ್ಬಿನೊಳಗಿನ ಬೇರಿಂಗ್ ಗುಂಡು ಬದಲಿಸಿ: ಹಿಂದಿನ ಹಬ್ಬಿಗೆ ಒಂದೊಂದು ಕಡೆ ಕಾಲಿಂಚಿನ 9, ಮುಂದಿನದಕ್ಕೆ 3/16 ಇಂಚಿನ 10. ಗ್ರೀಸ್ ಮಾತ್ರ ಮಾಮೂಲಿ ಹಳದಿಯದು ಬೇಡ. ಮಲ್ಪೆಯಲ್ಲಿ ಬೋಟಿನ ಸಾಮಾನು ಮಾರುವ ಅಂಗಡಿಗಳಲ್ಲಿ ನೀರಿಗೆ ಕರಗದ ಗ್ರೀಸ್ ಸಿಗುತ್ತೆ, ಅರ್ಧ ಕೆ.ಜಿ.ಗೆ ಇನ್ನೂರೈವತ್ತು-ಮುನ್ನೂರು ಕೊಟ್ಟ ನೆನಪು. ಎರಡು ಸೈಕಲ್‌ಗೆ ಮೂರು ವರ್ಷ ಬರುತ್ತೆ. ಗುಂಡು ಕೂರುವ ಕಪ್ ತುಂಬ, ಗುಂಡನ್ನು ಒತ್ತುವ ಕೋನ್ ಬಿಗಿ ಮಾಡಿದಾಗ ಹೊರಗೆ ಉಕ್ಕುವಷ್ಟು ತುಂಬಿ, ಉಕ್ಕಿದ್ದನ್ನು ಒರೆಸದೆ ಬಿಡಿ. ಆಗಸ್ಟ್ ನಡುವೆ ಒಮ್ಮೆ ಕೋನ್ ತೆಗೆದು ನೋಡಿ. ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಆವತ್ತೇ ಬದಲಿಸಿ.

ಚೈನಿನಲ್ಲಿ ಹೋದಷ್ಟು ದುಡ್ಡು ಬೇರೆಲ್ಲೂ ಹೋಗಲಿಲ್ಲ. ಕಾಯಿಸಿದ ಮೇಣ ಬೇಸಿಗೆಗೆ ಬಹಳ ಚೆಂದ, ಇಲ್ಲಿನ ಮಳೆಗೆ ಒಂದು ತಾಸು ಬಂದರೆ ಹೆಚ್ಚು. ರಾತ್ರಿ ಹಾಗೇ ನಿಲ್ಲಿಸಿದರೆ ಬೆಳಿಗ್ಗೆ ಕೊಂಡಿಗಳಲ್ಲಿ ಕೆಂಪು ತುಕ್ಕು. ಗ್ರೀಸ್ ಹಚ್ಚಿದರೆ ಜಂಬಿಟ್ಟಿಗೆ ಮಣ್ಣಿನ ಜೊತೆ ಸೇರಿ ಉಜ್ಜುವ ಪೇಸ್ಟ್ ಆಗಿ ಹಿಂದಿನ ಚಕ್ರದ ಹಲ್ಲುಗಾಲಿಗಳ ಜೋಡಣೆಯ, ಅಂದರೆ ಕ್ಯಾಸೆಟ್ಟಿನ, ಹಲ್ಲು ತಿನ್ನುತ್ತೆ. ಕೊಬ್ಬರಿ ಎಣ್ಣೆಯನ್ನೂ ಪರೀಕ್ಷೆ ಮಾಡಿದೆ. ಮೊದಲ ಮಳೆಗೇ ತೊಳೆದುಹೋಗುತ್ತೆ, ಉಳಿದದ್ದು ಅಂಟಾಗುತ್ತೆ. ಆರುನೂರು ಚಿಲ್ಲರೆ ಕೊಟ್ಟು ತರಿಸಿದ ಆಮದು ವೆಟ್ ಲ್ಯೂಬ್ (ಮಳೆಗೆಂದೇ ಮಾಡಿದ ಚೈನ್ ಎಣ್ಣೆ) ಒಳ್ಳೆಯದೇ, ಆದರೆ ಪುಟ್ಟ ಬಾಟಲಿ ಜುಲೈ ಮುಗಿಯುವುದರೊಳಗೆ ಖಾಲಿ.

ಕೊನೆಗೆ ಗೆದ್ದದ್ದು ಮರ ಕುಯ್ಯುವ ಯಂತ್ರಕ್ಕೆ ಬಿಡುವ ಚೈನ್ ಆಯಿಲ್. ವೇಗವಾಗಿ ತಿರುಗುವ ಚೈನಿನಿಂದ ಸಿಡಿಯದಂತೆ ಅಂಟಿಕೊಳ್ಳಲೆಂದೇ ಮಾಡಿದ ಎಣ್ಣೆ ಅದು. ಲೀಟರಿಗೆ ಮುನ್ನೂರೈವತ್ತರ ಆಸುಪಾಸು, ತೋಟದ ಸಾಮಾನಿನ ಅಂಗಡಿಯಲ್ಲೆಲ್ಲ ಇರುತ್ತೆ. ಅದನ್ನು ಹಾಗೇ ಬಿಟ್ಟರೆ ದಪ್ಪ, ಕೊಂಡಿಗಳ ನಡುವೆ ಉರುಳುವ ರೋಲರ್ ಒಳಗೆ ಇಳಿಯಲ್ಲ. ತೆಳು ಮಾಡಲು ಏನು, ಎಷ್ಟು ಬೆರೆಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಇನ್ನೊಂದು ಮಳೆಗಾಲ ನೋಡಿ ಹೇಳುತ್ತೇನೆ. ಹಾಕುವ ಕ್ರಮ ಹೀಗೆ: ಚೈನ್ ಪೂರ್ತಿ ಒಣಗಿರಬೇಕು. ಚೈನಿನ ಕೆಳಗಿನ ಓಟದಲ್ಲಿ, ಒಳಮೈಗೆ, ಒಂದೊಂದು ರೋಲರಿಗೆ ಒಂದೇ ಹನಿ. ಪೆಡಲ್ ಹಿಂದಕ್ಕೆ ತಿರುಗಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಹಳೇ ಬನಿಯನ್ ಬಟ್ಟೆಯಲ್ಲಿ ಹೊರಮೈ ಒಣಗುವ ತನಕ ಒರೆಸಿ. ಒರೆಸುವುದನ್ನು ಬಿಟ್ಟವರೇ ಈ ಎಣ್ಣೆಗೆ ಮಣ್ಣು ಹಿಡಿಯುತ್ತೆ ಅಂತ ದೂರುವುದು. ಹದಿನೈದು ದಿನಕ್ಕೊಮ್ಮೆ ಅಳತೆಪಟ್ಟಿ ಹಿಡಿಯಿರಿ. ಒಂದು ಪಿನ್ನಿಂದ ಎಣಿಸಿ 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಯಿತೋ, ಚೈನ್ ಬದಲಿಸಿ. ಸಾವಿರದ ಒಳಗೆ ಮುಗಿಯುತ್ತೆ. ಎಂಟನೇ ಒಂದು ಭಾಗದವರೆಗೆ ಎಳೆದರೆ ಕ್ಯಾಸೆಟ್ಟೂ ಹೋಗಿರುತ್ತೆ.

ಇನ್ನು ಬೀಳುವ ವಿಷಯ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ತಿರುವು. ಒದ್ದೆ ರಿಮ್ಮಿಗೆ ಬ್ರೇಕ್ ಹಿಡಿದರೆ ಮೊದಲು ಏನೂ ಆಗಲ್ಲ, ಪ್ಯಾಡ್ ನೀರನ್ನು ಒರೆಸುತ್ತಿರುತ್ತೆ ಅಷ್ಟೆ. ಸವಾರ ಗಾಬರಿಯಲ್ಲಿ ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ. ಅಷ್ಟರಲ್ಲಿ ರಿಮ್ ಒಣಗಿ ಒಮ್ಮೆಲೇ ಕಚ್ಚುತ್ತೆ, ಮುಂದಿನ ಚಕ್ರ ಲಾಕ್ ಆಗಿ ಜಾರುತ್ತೆ. ಮಳೆಯಲ್ಲಿ ಬಿದ್ದವರಲ್ಲಿ ಅರ್ಧಕ್ಕರ್ಧ ಜನ ಬೀಳುವುದು ಹೀಗೇ ಅಂತ ನನ್ನ ಅಂದಾಜು. ತಿರುವಿಗೆ ಐವತ್ತು ಅಡಿ ಮುಂಚೆಯೇ ಎರಡೂ ಬ್ರೇಕನ್ನು ಹಗುರವಾಗಿ ತಾಗಿಸಿ ನೀರು ಒರೆಸಿಬಿಡಿ, ನೇರ ಇರುವಾಗಲೇ ವೇಗ ಇಳಿಸಿ, ವಾಲಿದ ಮೇಲೆ ಲಿವರ್ ಮುಟ್ಟಬೇಡಿ. ಪ್ಯಾಡ್-ರಿಮ್ ನಡುವೆ ಒಂದು ಮಿ.ಮೀ.ಗಿಂತ ಹೆಚ್ಚು ಜಾಗ ಬೇಡ. ಕಪ್ಪು ಗಟ್ಟಿ ಪ್ಯಾಡಿನಲ್ಲಿ ಅಲ್ಯೂಮಿನಿಯಂ ಚೂರು ಹೂತು ರಿಮ್ಮನ್ನು ಕೆರೆಯುತ್ತೆ. ಕೀಚಲು ಸದ್ದು ಬಂದರೆ ಪ್ಯಾಡ್ ಬಿಚ್ಚಿ ಸೇಫ್ಟಿ ಪಿನ್ನಿನಲ್ಲಿ ಕಿತ್ತುಹಾಕಿ. ಇಟ್ಟಿಗೆ ಬಣ್ಣದ ಮೆತ್ತನೆ ಪ್ಯಾಡ್ ದುಬಾರಿ, ಆದರೆ ನನ್ನ ರಿಮ್ ಉಳಿದಿರುವುದಕ್ಕೆ ಅದೇ ಕಾರಣ.

ತಿರುವಿಗಿಂತ ಮೋಸ ಮಾಡುವುದು ರಸ್ತೆಯ ಅಂಚು. ಬಸ್ಸಿಗೆ ದಾರಿ ಬಿಟ್ಟು ಮಣ್ಣಿಗಿಳಿದು ಮತ್ತೆ ಟಾರಿಗೆ ಹತ್ತುವಾಗ ಓರೆಯಾಗಿ ಹತ್ತಿದರೆ ಚಕ್ರ ಅಂಚನ್ನೇ ಸವರಿಕೊಂಡು ಹೋಗಿ ಬೀಳಿಸುತ್ತೆ. ಸಾಧ್ಯವಾದಷ್ಟು ಅಂಚಿಗೆ ನೇರ ಎದುರಾಗಿ ಹತ್ತಿ, ಇಲ್ಲವೇ ಇಳಿದು ಎತ್ತಿಡಿ. ಮರದ ನೆರಳಿನ ಕಾಂಕ್ರೀಟ್ ರಸ್ತೆಯ ಪಾಚಿ, ಬಿಳಿ ಪಟ್ಟೆ, ಮರದ ಸಂಕ, ಇವಕ್ಕೆ ಯಾವ ಟೈರೂ ಹಿಡಿಯಲ್ಲ. ಮೈತುಂಬ ಉಬ್ಬುಗಳಿರುವ ಟೈರ್ ಹಾಕಿದರೆ ಟಾರಿನ ಮೇಲೆ ಹಿಡಿತ ಹೆಚ್ಚುತ್ತೆ ಅನ್ನುವುದೂ ಸುಳ್ಳು. ನಯ ಟೈರೇ ಇರಲಿ, ಗಾಳಿ ಮಾತ್ರ ಇಳಿಸಿ. ಬೇಸಿಗೆಗೆ 70 ಪಿಎಸ್‌ಐ ಇಡುತ್ತಿದ್ದವನು ಮಳೆಗೆ 55ರ ಹತ್ತಿರ ಇಡುತ್ತೇನೆ.

ನೀರಿದ್ದಾಗ ರಬ್ಬರನ್ನು ಗಾಜು, ತಂತಿ ಸಲೀಸಾಗಿ ಕುಯ್ಯುತ್ತೆ, ಅದಕ್ಕೇ ಪಂಕ್ಚರ್ ಜಾಸ್ತಿ. ಮಳೆಯಲ್ಲಿ ಸೊಲ್ಯೂಷನ್ ಹಿಡಿಯಲ್ಲ, ಪ್ಯಾಚ್ ಹಾಕಲು ಹೊರಡಬೇಡಿ. ಬೇರೆ ಟ್ಯೂಬ್ ಏರಿಸಿ. ಮನೆಗೆ ಬಂದಮೇಲೆ ಟೈರಿನ ಮೈಯೆಲ್ಲ ಬೆರಳಾಡಿಸಿ, ಹೂತ ಚೂರುಗಳನ್ನು ಕಿತ್ತುಬಿಟ್ಟರೆ ನಾಳಿನ ಪಂಕ್ಚರ್ ತಪ್ಪಿತು.

ಮಡ್‌ಗಾರ್ಡ್ ಪೂರ್ತಿ ಉದ್ದದ್ದೇ ಬೇಕು. ಸೀಟಿಗೆ ಸಿಕ್ಕಿಸುವ ಗಿಡ್ಡದ್ದು ಬೆನ್ನು ಉಳಿಸುತ್ತೆ, ಚೈನನ್ನಲ್ಲ. ಮುಂದಿನದಕ್ಕೆ ಲಾರಿ ಟ್ಯೂಬಿನ ರಬ್ಬರ್ ಕತ್ತರಿಸಿ, ನೆಲದಿಂದ ಮೂರು ಇಂಚು ಮೇಲಿರುವಂತೆ ಬೋಲ್ಟ್ ಹಾಕಿ ಜೋತುಬಿಡಿ. ಪಾದ, ಚೈನ್, ಬ್ರಾಕೆಟ್ ಮೂರಕ್ಕೂ ಹೊಡೆಯುವ ಕೆಸರು ಅರ್ಧಕ್ಕಿಳಿಯುತ್ತೆ. ಟೈರಿಗೂ ಮಡ್‌ಗಾರ್ಡಿಗೂ ಬೆರಳು ಹೋಗುವಷ್ಟು, ಒಂದೂವರೆ ಸೆಂ.ಮೀ. ಜಾಗ ಬಿಡದಿದ್ದರೆ ಎಲೆ-ಮಣ್ಣು ಕಟ್ಟಿ ಚಕ್ರವೇ ನಿಲ್ಲುತ್ತೆ. ಕಡ್ಡಿ ಸಿಕ್ಕಿದ ಸದ್ದಾದರೆ ಅಲ್ಲೇ ನಿಲ್ಲಿಸಿ ತೆಗೆಯಿರಿ. ಅದು ಒಳಗೆ ಸುತ್ತಿದರೆ ಮಡ್‌ಗಾರ್ಡ್ ಮಡಚಿ ಮುಂದಿನ ಚಕ್ರ ಹಿಡಿದುಬಿಡುತ್ತೆ.

ಕಂಬಳಿ ಕೊಪ್ಪೆ ಹಾಕಿಯೂ ಓಡಿಸಿ ನೋಡಿದೆ. ಬೆಚ್ಚಗೇನೋ ಇರುತ್ತೆ, ಆದರೆ ನೀರು ಕುಡಿದ ಮೇಲೆ ಏರಿನಲ್ಲಿ ಭಾರ, ಅಂಚು ಹಿಂದಿನ ಚಕ್ರಕ್ಕೆ ಸಿಗುತ್ತೆ. ಸೊಂಟದವರೆಗಿನ ಜಾಕೆಟ್, ಚಡ್ಡಿ, ಪ್ಲಾಸ್ಟಿಕ್ಕಿನ ಸ್ಯಾಂಡಕ್ ಚಪ್ಪಲಿ ಸಾಕು.

ಖರ್ಚು ನೆನಪಿನಿಂದ ಹೇಳುವುದಾದರೆ, ಮುಂಚೆ ಒಂದೊಂದು ಮಳೆಗಾಲಕ್ಕೂ ಚೈನ್, ಕ್ಯಾಸೆಟ್, ಹಬ್ ಕೋನ್, ಪ್ಯಾಡ್ ಸೇರಿ ನಾಲ್ಕು ಸಾವಿರದ ಹತ್ತಿರ ಏಳುತ್ತಿತ್ತು. ಹೋದ ಸಲ ಒಂದು ಚೈನ್, ಒಂದು ಜೊತೆ ಪ್ಯಾಡ್, ಎಣ್ಣೆ, ಗ್ರೀಸ್ ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ. ಈ ಸಲ ಮುಂದಿನ ಚಕ್ರ ಹಿಡಿಯುವ ಕವೆ (ಫೋರ್ಕ್) ಬದಲಿಸಿ ಮುಂದಕ್ಕೆ ಮಾತ್ರ ತಂತಿಯ ಡಿಸ್ಕ್ ಬ್ರೇಕ್ ಹಾಕಿದ್ದೇನೆ. ಜೊತೆಗೆ ಬಂದ ರೆಸಿನ್ ಪ್ಯಾಡ್ ಕೆಮ್ಮಣ್ಣಿನ ನೀರಿಗೆ ತಿಂಗಳೂ ಬಾಳಲಿಲ್ಲ. ಈಗ ಲೋಹದ ಪ್ಯಾಡ್ ಹಾಕಿ ಓಡಿಸುತ್ತಿದ್ದೇನೆ: ಸದ್ದು ಜೋರು, ಹಿಡಿತ ಗಟ್ಟಿ, ಸವೆತ ಇನ್ನೂ ಕಾಲುಭಾಗವೂ ಆಗಿಲ್ಲ.