ಸ್ಪೋರ್ಟ್ಸ್ ಕಾರಿಗೆ ಹೊಸ ಸಸ್ಪೆನ್ಷನ್: ಮೊದಲು ಅಳೆಯಿರಿ, ಆಮೇಲೆ ಇಳಿಸಿ

ದಾವಣಗೆರೆಯಲ್ಲಿ ಪೋಲೊ ಜಿಟಿ, ಆಕ್ಟೇವಿಯಾ ಆರ್‌ಎಸ್, ಐ20 ಎನ್ ಲೈನ್ ತಗೊಂಡ ಹುಡುಗರು ಅಂಗಡಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ ಒಂದೇ: ‘ಅಣ್ಣಾ, ಎಷ್ಟು ಇಂಚು ಇಳಿಯುತ್ತೆ?’ ಗಿಡ್ಡ ಸ್ಪ್ರಿಂಗ್ ಹಾಕಿದರೆ ಕಾರು ನೆಲಕ್ಕೆ ಹತ್ತಿರ ಇಳಿಯುತ್ತದೆ, ನೋಡಲು ಚೆನ್ನಾಗಿಯೂ ಕಾಣುತ್ತದೆ. ಸ್ವಲ್ಪ ದಿನಕ್ಕೆ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಲು ಶುರು. ಹಿಂದಿನ ಸೀಟಿನಲ್ಲಿ ಕೂತ ಅಪ್ಪ ಅಮ್ಮ ಸೊಂಟ ಹಿಡಿದುಕೊಂಡು ಇಳಿಯುತ್ತಾರೆ. ಇದನ್ನು ಮತ್ತೆ ಮತ್ತೆ ನೋಡಿ ಬೇಜಾರಾಗಿದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಾನು ಓಡಿಸುವ ರಸ್ತೆಯಲ್ಲಿ ಚಕ್ರ ಎಷ್ಟು ಮೇಲೆ ಕೆಳಗೆ ಆಡಬೇಕು?

ಮೊದಲು ಇರುವುದನ್ನು ಸರಿ ಮಾಡಿಸಿ. ಟೈರಿನ ಗಾಳಿ, ಲೋಯರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿಡುವ ಕೆಳತೋಳಿನ ರಬ್ಬರ್), ಲಿಂಕ್ ರಾಡ್, ಶಾಕ್‌ನ ಮೇಲ್ತುದಿ ಕೂರುವ ಟಾಪ್ ಮೌಂಟ್ ನೋಡಿಸಿ. ಬುಷ್ ಹರಿದ ಕಾರಿಗೆ ಎಷ್ಟು ದುಬಾರಿ ಸಸ್ಪೆನ್ಷನ್ ಹಾಕಿದರೂ ದುಡ್ಡು ದಂಡ.

ಆಮೇಲೆ ಕಾರು ಎಲ್ಲೆಲ್ಲಿ ಓಡುತ್ತದೆ ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಚಿತ್ರದುರ್ಗದ ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವಾಗ ಯಾವ ಗಟ್ಟಿ ಸ್ಪ್ರಿಂಗ್ ಆದರೂ ಹಾಯಾಗಿರುತ್ತದೆ. ಹೆದ್ದಾರಿ ಬಿಟ್ಟು ಸಂತೇಬೆನ್ನೂರಿನ ಮೇಲೆ ಚನ್ನಗಿರಿಗೆ ಹೋಗಿ ನೋಡಿ, ಆಗ ಗೊತ್ತಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾನದಂಡದಂತೆ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕಿತ್ತು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲಿ ಎಂಬುದು ಅದರ ಲೆಕ್ಕವಾಗಿತ್ತು. ಊರೊಳಗೆ ಸಿಗುವ ಹಂಪ್‌ಗಳಲ್ಲಿ ಬಹಳಷ್ಟು ಎತ್ತರ ಜಾಸ್ತಿ, ಅಗಲ ಕಮ್ಮಿ. ಸಸ್ಪೆನ್ಷನ್ ಆರಿಸಬೇಕಾದದ್ದು ಆ ಹಂಪ್‌ಗೇ.

ಈಗ ಎಲ್ಲರೂ ಬಿಟ್ಟುಬಿಡುವ ಕೆಲಸಕ್ಕೆ ಬರೋಣ. ಚಕ್ರ ಮೇಲಕ್ಕೆ ಎಷ್ಟು ಬರುತ್ತದೆ ಎಂದು ಅಳೆಯುವುದು. ಇದಕ್ಕೆ ಬೇಕಾದದ್ದು ಒಂದು ಟೇಪು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಣ್ಣ ಕೇಬಲ್ ಟೈ, ಮೊಬೈಲ್ ಟಾರ್ಚು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಚಕ್ರದ ನಡುಭಾಗದಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ, ಆಮೇಲೆ ಕಾರು ಎಷ್ಟು ಇಳಿಯಿತು ಎಂದು ಹೋಲಿಸಲು. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಕಮ್ಮಿಯಾದರೆ ಆ ಲೆಕ್ಕ ಬದಲಾಗುತ್ತದೆ.

ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ, ಜಾಕ್ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ. ಸ್ಪ್ರಿಂಗ್ ಒಳಗೆ ರಬ್ಬರ್ ಡಸ್ಟ್ ಬೂಟ್ ಕಾಣುತ್ತದೆ. ಅದನ್ನು ಮೇಲಕ್ಕೆ ಸರಿಸಿದರೆ ಹೊಳೆಯುವ ರಾಡ್ ಸಿಗುತ್ತದೆ. ರಾಡಿನ ಮೇಲ್ತುದಿಯಲ್ಲಿ, ಶಾಕ್ ಪೂರ್ತಿ ಒತ್ತಿಕೊಂಡಾಗ ತಡೆಯುವ ಫೋಮಿನಂಥ ಬಂಪ್ ಸ್ಟಾಪ್ ಇರುತ್ತದೆ. ರಾಡ್ ಸುತ್ತ ಕೇಬಲ್ ಟೈ ಬಿಗಿದು ಶಾಕ್‌ನ ಬಾಡಿಗೆ ತಾಗುವಂತೆ ಕೆಳಗಿಡಿ. ಬಾಲ ಕತ್ತರಿಸಿ. ಟೈ ಕೈಯಲ್ಲಿ ತಳ್ಳಿದರೆ ಜರುಗಬೇಕು, ತಾನಾಗಿ ಜಾರಬಾರದು. ಚಕ್ರ ಮತ್ತೆ ಹಾಕಿ ಕಾರು ಇಳಿಸಿ, ಕೇಬಲ್ ಟೈ ಈಗ ಶಾಕ್ ಬಾಡಿಯ ಮೇಲೆಯೇ ಕೂತಿರುತ್ತದೆ. ಅಲ್ಲಿಂದ ಬಂಪ್ ಸ್ಟಾಪ್‌ನ ಕೆಳ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ.

ಇನ್ನು ಓಡಿಸಿ. ಒಬ್ಬರೇ ಅಲ್ಲ, ಸಾಮಾನ್ಯವಾಗಿ ಜೊತೆಗೆ ಬರುವವರನ್ನು ಕೂರಿಸಿಕೊಂಡು, ಸಾಮಾನ್ಯವಾಗಿ ಹೋಗುವ ದಾರಿಯಲ್ಲೇ ಹೋಗಿ. ಹಂಪ್ ಬಂದಾಗ ಶಾಕ್ ಒತ್ತಿಕೊಂಡು ಕೇಬಲ್ ಟೈಯನ್ನು ಮೇಲಕ್ಕೆ ತಳ್ಳುತ್ತದೆ. ಶಾಕ್ ವಾಪಸ್ ಬಂದರೂ ಟೈ ಅಲ್ಲೇ ಉಳಿಯುತ್ತದೆ. ಮನೆಗೆ ಬಂದು, ಸ್ಟೀರಿಂಗ್ ತಿರುಗಿಸಿ, ಕಾರು ಚಕ್ರದ ಮೇಲೆ ನಿಂತಿರುವಾಗಲೇ ಶಾಕ್ ಬಾಡಿಯಿಂದ ಟೈವರೆಗಿನ ಅಂತರ ನೋಡಿ. ಜಾಕ್ ಹಾಕಿ ಎತ್ತಿ ಅಳೆಯುವವರು ಇಲ್ಲೇ ತಪ್ಪುವುದು. ಆಗ ರಾಡ್ ಪೂರ್ತಿ ಹೊರಗೆ ಬಂದಿರುತ್ತದೆ, ಅಂಕಿ ಸುಳ್ಳಾಗುತ್ತದೆ. ಕೆಲಸ ಮುಗಿದ ಮೇಲೆ ಡಸ್ಟ್ ಬೂಟನ್ನು ಸರಿಯಾಗಿ ಕೂರಿಸಿ. ಧೂಳು ಹೋದರೆ ಆಯಿಲ್ ಸೀಲ್ ಹಾಳಾಗುತ್ತದೆ.

ಉದಾಹರಣೆಗೆ ಬಂಪ್ ಸ್ಟಾಪ್‌ವರೆಗೆ 60 ಮಿ.ಮೀ. ಇದೆ, ನಿಮ್ಮ ದಾರಿ 45 ಬಳಸಿಕೊಂಡಿದೆ ಎಂದಿಟ್ಟುಕೊಳ್ಳಿ. ಉಳಿದದ್ದು 15. ಆ ಕಾರನ್ನು ಹಳೇ ಶಾಕ್ ಮೇಲೆಯೇ 30 ಮಿ.ಮೀ. ಇಳಿಸಿದರೆ ಏನಾಗುತ್ತದೆ ಹೇಳಿ? ಪ್ರತಿ ಹಂಪ್‌ಗೂ ಶಾಕ್ ಬಂಪ್ ಸ್ಟಾಪ್‌ಗೆ ಗುದ್ದುತ್ತದೆ. ತಿರುವಿನಲ್ಲಿ ಹಾಗಾದರೆ ಆ ಮೂಲೆ ಒಮ್ಮೆಲೇ ಕಲ್ಲಾಗಿ ಟೈರಿನ ಹಿಡಿತ ತಪ್ಪುತ್ತದೆ. ಅದಕ್ಕೇ ಇಳಿಸಿದ ಕಾರಿಗೆ ಗಟ್ಟಿ ಸ್ಪ್ರಿಂಗ್ ಬೇಕು, ಗಟ್ಟಿ ಸ್ಪ್ರಿಂಗ್‌ಗೆ ತಕ್ಕ ಶಾಕ್ ಬೇಕು. ಹಿಂದಿನ ಚಕ್ರಕ್ಕೂ ಪ್ರತ್ಯೇಕವಾಗಿ ಅಳೆಯಿರಿ, ಅಲ್ಲಿ ಶಾಕ್ ಮತ್ತು ಚಕ್ರ ಒಂದೇ ಪ್ರಮಾಣದಲ್ಲಿ ಆಡುವುದಿಲ್ಲ.

ಅಂಕಿ ಕೈಯಲ್ಲಿದ್ದರೆ ಆಯ್ಕೆ ಸುಲಭ. ನಮ್ಮ ಕಡೆಯ ರಸ್ತೆಗೆ ನನ್ನ ಸಲಹೆ ಖಚಿತ: ಕಂಪನಿ ಸ್ಪ್ರಿಂಗ್ ಹಾಗೇ ಇರಲಿ, ಶಾಕ್ ಮಾತ್ರ ಬದಲಿಸಿ. ಬಿಲ್‌ಸ್ಟೈನ್ ಬಿ6 ಅಥವಾ ಕೋನಿ ಸ್ಪೆಷಲ್ ಆಕ್ಟಿವ್ ನಿಮ್ಮ ಕಾರಿಗೆ ಸಿಕ್ಕರೆ ಬೇರೆ ಯೋಚನೆ ಬೇಡ. ಕಾರಿನ ತೂಗಾಟ ನಿಲ್ಲುತ್ತದೆ, ಎತ್ತರ ಹೋಗುವುದಿಲ್ಲ. ಇಳಿಸಲೇಬೇಕು ಎಂದರೆ ಐಬಾಕ್ ಪ್ರೊ-ಕಿಟ್‌ನಂಥ ಸ್ಪ್ರಿಂಗ್ ಜೊತೆ ಬಿಲ್‌ಸ್ಟೈನ್ ಬಿ8 ಹಾಕಿಸಿ. ಬಿ8 ಇಳಿಸಿದ ಕಾರಿಗೆಂದೇ ಮಾಡಿದ ಗಿಡ್ಡ ಶಾಕ್. ಎರಡನ್ನೂ ಸೇರಿಸಿ ಬಿ12 ಎಂದು ಮಾರುತ್ತಾರೆ. ಹಳೇ ಶಾಕ್ ಮೇಲೆ ಗಿಡ್ಡ ಸ್ಪ್ರಿಂಗ್ ಮಾತ್ರ ಹಾಕಿಸುವ ಅರ್ಧ ಕೆಲಸ ಬೇಡವೇ ಬೇಡ.

ಕಾಯಿಲ್ ಓವರ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಸೆಟ್ ಆಗಿದ್ದು ಥ್ರೆಡ್ ತಿರುಗಿಸಿ ಎತ್ತರ ಹೊಂದಿಸುವಂಥದ್ದು. ಅದರ ಬಗ್ಗೆ ಆಸೆ ಜಾಸ್ತಿ. ಒಳ್ಳೆಯವು ನಿಜಕ್ಕೂ ಒಳ್ಳೆಯವೇ. ಕೆಡಬ್ಲ್ಯು ಕಂಪನಿಯ ವೇರಿಯಂಟ್ 3ರಲ್ಲಿ ಶಾಕ್ ಒತ್ತುವುದನ್ನೂ ವಾಪಸ್ ಬರುವುದನ್ನೂ ಬೇರೆ ಬೇರೆ ಹೊಂದಿಸಬಹುದು. ಆದರೆ ಹೊಂದಿಸಲು ಗೊತ್ತಿರಬೇಕು. ವಾಪಸ್ ಬರುವುದನ್ನು ತೀರಾ ಬಿಗಿ ಮಾಡಿದರೆ ಸಾಲು ಗುಂಡಿಗಳಲ್ಲಿ ಚಕ್ರ ಕೆಳಗೆ ಇಳಿಯುವ ಮುಂಚೆಯೇ ಮುಂದಿನ ಗುಂಡಿ ಬಂದಿರುತ್ತದೆ. ಕಾರು ಕುಗ್ಗುತ್ತಾ ಹೋಗುತ್ತದೆ. ಪಾರ್ಟ್ ನಂಬರ್ ಇಲ್ಲದ, ಬರೀ ಬಣ್ಣ ಬಳಿದ ಅಗ್ಗದ ಕಾಯಿಲ್ ಓವರ್ ಮುಟ್ಟಲೇಬೇಡಿ. ಒಂದು ಮಳೆಗಾಲಕ್ಕೆ ಅದರ ಥ್ರೆಡ್ ತುಕ್ಕು ಹಿಡಿದು ತಿರುಗುವುದೇ ಇಲ್ಲ.

ಇನ್ನೆರಡು ಅಡ್ಡದಾರಿಗಳಿವೆ. ಗ್ಯಾಸ್ ಕಟರ್‌ನಲ್ಲಿ ಸ್ಪ್ರಿಂಗ್ ಕಟ್ ಮಾಡಿಸುವುದು ಒಂದು. ಬೆಂಕಿಯ ಶಾಖಕ್ಕೆ ಸ್ಪ್ರಿಂಗ್‌ನ ಹದ ಕೆಡುತ್ತದೆ, ತುದಿ ತನ್ನ ಜಾಗದಲ್ಲಿ ಕೂರುವುದಿಲ್ಲ. ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕುವುದು ಇನ್ನೊಂದು. ಅಗ್ಗ ಅಂತ ಸುಮ್ನೆ ಹಾಕಿಸಿಕೊಳ್ಳಬೇಡಿ. ಆ ಸುತ್ತು ಆಡದೆ ಹೋಗಿ ಉಳಿದ ಸುತ್ತುಗಳ ಮೇಲೆ ಭಾರ ಬೀಳುತ್ತದೆ.

ಆರ್ಡರ್ ಮಾಡುವಾಗ ಕಾರಿನ ಹೆಸರು ಸಾಲದು, ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ನೋಡಿ. ನಮ್ಮ ದೇಶದಲ್ಲಿ ಮಾರುವ ಹಲವು ಕಾರುಗಳು ಯುರೋಪಿನ ಅದೇ ಕಾರಿಗಿಂತ ಎತ್ತರ. ಡಬ್ಬಿಯ ಮೇಲಿನ 30 ಮಿ.ಮೀ. ಇಲ್ಲಿ ಇನ್ನೂ ಜಾಸ್ತಿ ಇಳಿಸಬಹುದು. ಟಾಪ್ ಮೌಂಟ್, ಬಂಪ್ ಸ್ಟಾಪ್ ಹೊಸದೇ ತರಿಸಿ. ಇನ್ಶೂರೆನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಿ, ಆರ್‌ಟಿಒದಲ್ಲೂ ವಿಚಾರಿಸಿ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಂಪನಿ ಎತ್ತರ ಉಳಿಸಿಕೊಳ್ಳಿ ಎನ್ನಲು ನನಗೆ ಅದೂ ಒಂದು ಕಾರಣ.

ಫಿಟ್ಟಿಂಗ್ ಒಳ್ಳೆಯ ಮೆಕ್ಯಾನಿಕ್‌ಗೆ ಬಿಡಿ, ಆದರೆ ಪಕ್ಕದಲ್ಲಿ ನಿಂತು ಒಂದು ಮಾತ್ರ ನೋಡಿ. ಲೋಯರ್ ಆರ್ಮ್ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದದ್ದು ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ಇಸ್ಕೊಳ್ಳಿ, ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ಮಾಡಿಸಿ. ಹಳೇ ಶಾಕ್, ಸ್ಪ್ರಿಂಗ್ ಗುಜರಿಗೆ ಹಾಕಬೇಡಿ. ಕಾರು ಮಾರುವಾಗ ಬೇಕಾಗುತ್ತದೆ.