ಆಟಗಾರರ ಚುನಾಯಿತ ಪರಿಷತ್ತು ನಡೆಸುವುದು ಹೇಗೆ: ಹುಬ್ಬಳ್ಳಿ-ಧಾರವಾಡದ ಸಣ್ಣ ಗೇಮ್ ತಂಡಗಳಿಗೆ

ಆಟಗಾರರು ಮತ ಹಾಕಿ ಆರಿಸಿದ ಐದೋ ಹತ್ತೋ ಜನ ಗೇಮ್ ಮಾಡುವವರ ಜೊತೆ ತಿಂಗಳಿಗೊಮ್ಮೆ ಕುಳಿತು ಮಾತಾಡುವುದು ಹೊಸ ವಿಚಾರವೇನಲ್ಲ. ಇದರಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವ ಇರುವುದು ಐಸ್‌ಲ್ಯಾಂಡಿನ ಸಿಸಿಪಿ ಗೇಮ್ಸ್‌ಗೆ. ಸಾವಿರಾರು ಜನ ಒಟ್ಟಿಗೆ ಆಡುವ ಅವರ ಬಾಹ್ಯಾಕಾಶದ ಗೇಮ್ ‘ಈವ್ ಆನ್‌ಲೈನ್’ 2003ರಲ್ಲಿ ಬಂತು. ಅಲ್ಲಿನ ಒಬ್ಬ ಡೆವಲಪರ್ ತಾನು ಆಡುತ್ತಿದ್ದ ಗುಂಪಿಗೆ ಅಪರೂಪದ ಬ್ಲೂಪ್ರಿಂಟ್ (ಆಟದೊಳಗೆ ವಸ್ತು ತಯಾರಿಸಲು ಬೇಕಾದ ನೀಲನಕ್ಷೆ) ಕೊಟ್ಟದ್ದು 2007ರಲ್ಲಿ ಬಯಲಾಗಿ ದೊಡ್ಡ ಗದ್ದಲವಾಯಿತು. 2008ರಲ್ಲಿ ಚುನಾಯಿತ ಪರಿಷತ್ತು ಬಂತು. ವಾರಕ್ಕೆ ಸಾವಿರ ಜನವೂ ಆಡದ ಗೇಮ್‌ಗೆ ಇದರ ಅಗತ್ಯವಿಲ್ಲ. ಹದಿನೈದು ದಿನಕ್ಕೊಮ್ಮೆ ಎಲ್ಲರಿಗೂ ತೆರೆದ ವಾಯ್ಸ್ ಕಾಲ್ ಇಟ್ಟರೆ ಸಾಕು. ಅದನ್ನು ದಾಟಿ, ಗಿಲ್ಡ್‌ಗಳು (ಆಟಗಾರರು ಕಟ್ಟಿಕೊಂಡ ಗುಂಪುಗಳು) ಬೆಳೆದು, ‘ಇವರು ಅವರ ಕಡೆ ಅದಾರ’ ಎಂಬ ಮಾತು ಆಟಗಾರರಲ್ಲಿ ಓಡಾಡತೊಡಗಿದಾಗ ಚುನಾವಣೆಯ ಬಗ್ಗೆ ಯೋಚಿಸಿ.

ಮೊದಲು ನಿಯಮಾವಳಿ

ಎರಡು ಪುಟ ಸಾಕು. ಪರಿಷತ್ತು ಏನು ಮಾಡಬಹುದು, ಯಾವುದು ಅದರ ಕೈಯಲ್ಲಿಲ್ಲ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಮುಂದಿನ ಅಪ್‌ಡೇಟ್‌ನ ಯೋಜನೆ ನೋಡುವುದು, ಆಕ್ಷೇಪ ದಾಖಲಿಸುವುದು, ಲಿಖಿತ ಉತ್ತರ ಕೇಳುವುದು ಅವರ ಹಕ್ಕು. ಸಂಬಳ, ನೇಮಕ, ಯಾರನ್ನು ಬ್ಯಾನ್ ಮಾಡಬೇಕು, ಬಿಡುಗಡೆಯ ದಿನಾಂಕ ಇವೆಲ್ಲ ನಿಮ್ಮದು. ಕಾನೂನಿನ ವಿಷಯವನ್ನೂ ಇಲ್ಲೇ ಸೇರಿಸಿ. ‘ಇಪ್ಪತ್ತು ರೂಪಾಯಿ ಕಟ್ಟಿ ಆಡೋಣ, ಗೆದ್ದವರಿಗೆ ರೊಕ್ಕ’ ಎಂಬ ಬೇಡಿಕೆ ಯಾವ ಪರಿಷತ್ತಿನಲ್ಲೂ ಒಮ್ಮೆ ಬಂದೇ ಬರುತ್ತದೆ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಅದು ಚರ್ಚೆಗೆ ಬರುವ ವಿಷಯವೇ ಅಲ್ಲ.

ಸ್ಟುಡಿಯೋದ ಪ್ರತಿ ಸಿಬ್ಬಂದಿಯೂ ತನ್ನ ಎಲ್ಲ ಆಟದ ಖಾತೆಗಳನ್ನು ಬರೆದುಕೊಡಬೇಕು. ಆ ಖಾತೆಗಳಿಗೆ ಮತವೂ ಇಲ್ಲ, ಸ್ಪರ್ಧೆಯೂ ಇಲ್ಲ. ಅಡ್ಮಿನ್ ಕಮಾಂಡ್‌ನಿಂದ ಐಟಂ ಸೃಷ್ಟಿಸಿದರೆ ಯಾರು, ಯಾವಾಗ, ಯಾಕೆ ಎಂಬುದು ಅಳಿಸಲಾಗದ ಲಾಗ್‌ನಲ್ಲಿ, ಅಂದರೆ ತಾನಾಗಿ ದಾಖಲಾಗುವ ಪಟ್ಟಿಯಲ್ಲಿ, ಕೂರಬೇಕು. 2007ರಂಥ ಹಗರಣವನ್ನು ತಡೆಯುವುದು ಪರಿಷತ್ತಲ್ಲ, ಈ ಲಾಗ್.

ಮತ ಯಾರಿಗೆ, ಸ್ಪರ್ಧೆ ಯಾರಿಗೆ

ಮತದಾನಕ್ಕೆ ಖಾತೆಗೆ ಕನಿಷ್ಠ 60 ದಿನ ವಯಸ್ಸಾಗಿರಲಿ, ಕಳೆದ 30 ದಿನದಲ್ಲಿ ಹತ್ತು ಗಂಟೆಯಾದರೂ ಆಡಿರಲಿ. ಅರ್ಹತೆ ಎಣಿಸುವ ದಿನ ಚುನಾವಣೆ ಘೋಷಣೆಗಿಂತ ಮೊದಲಿನದ್ದಾಗಿರಬೇಕು. ಇಲ್ಲದಿದ್ದರೆ ಘೋಷಣೆಯಾದ ರಾತ್ರಿಯೇ ಹೊಸ ಖಾತೆಗಳು ಹುಟ್ಟಿ ಗಂಟೆ ತುಂಬಿಸತೊಡಗುತ್ತವೆ.

ನಕಲಿ ಮತ ಹಿಡಿಯಲು ಐಪಿ ವಿಳಾಸವನ್ನು (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನಂಬಬೇಡಿ. ಮೊಬೈಲ್ ಕಂಪನಿಗಳು ಒಂದೇ ಹೊರಗಿನ ಐಪಿಯನ್ನು ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದ ಹುಡುಗರ ಪಿಜಿಯಲ್ಲಿ ಒಂದು ವೈಫೈಗೆ ಇಪ್ಪತ್ತು ಜನ ಇರುತ್ತಾರೆ. ‘ಒಂದು ಐಪಿಗೆ ಒಂದು ಮತ’ ಎಂದರೆ ಅವರಲ್ಲಿ ಹತ್ತೊಂಬತ್ತು ಜನರ ಮತ ಹೋಯಿತು. ಒಂದೇ ಫೋನಿನಲ್ಲಿ ಅಣ್ಣ-ತಮ್ಮ ಇಬ್ಬರೂ ಆಡುವ ಮನೆಗಳೂ ಇವೆ, ಆದ್ದರಿಂದ ಡಿವೈಸ್ ಗುರುತೂ ಒಂಟಿಯಾಗಿ ಸಾಲದು. ಖಾತೆಯ ವಯಸ್ಸು, ಆಡಿದ ಗಂಟೆ, ಓಟಿಪಿ ಆದ ಮೊಬೈಲ್ ನಂಬರ್ ಮೂರನ್ನೂ ಸೇರಿಸಿ ನೋಡಿ. ಅನುಮಾನದ ಮತವನ್ನು ಅಳಿಸದೆ ಬದಿಗಿಡಿ. ಎಣಿಕೆಗೆ ಮುನ್ನ ಇಬ್ಬರು ಕುಳಿತು ತೀರ್ಮಾನಿಸಲಿ.

ಸ್ಪರ್ಧಿಸುವವರಿಗೆ 18 ತುಂಬಿರಬೇಕು. ಪರಿಷತ್ತಿನವರು ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಬೇಕಾಗುತ್ತದೆ, 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಮಾಡಿಕೊಂಡ ಒಪ್ಪಂದಕ್ಕೆ ಬೆಲೆ ಇಲ್ಲ. ಮತ ಹಾಕುವುದಕ್ಕೆ ಈ ಅಡ್ಡಿಯಿಲ್ಲ, ಪಿಯುಸಿ ಹುಡುಗ-ಹುಡುಗಿಯರೂ ಹಾಕಲಿ. ಆದರೆ ಅದರ ನೆಪದಲ್ಲಿ ಅವರಿಂದ ಹೊಸ ಮಾಹಿತಿ ಸಂಗ್ರಹಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು.

ಅಭ್ಯರ್ಥಿಗಳು 150 ಪದದ ಹೇಳಿಕೆ ಕೊಡಲಿ, ಇಲ್ಲವೇ ಎರಡು ನಿಮಿಷದ ಆಡಿಯೋ. ಕನ್ನಡ ಟೈಪ್ ಮಾಡಲು ಬೇಸರಪಡುವವರಲ್ಲಿ ಒಳ್ಳೆಯ ಆಟಗಾರರು ಬಹಳ ಇದ್ದಾರೆ, ಆಡಿಯೋ ಇಟ್ಟರೆ ಅವರೂ ನಿಲ್ಲುತ್ತಾರೆ.

ಮತದಾನ ಏಳು ದಿನ ಇರಲಿ, ನಡುವೆ ಒಂದು ಭಾನುವಾರ ಬರಲಿ. ಮಾರ್ಚ್ ಬೇಡ, ಪರೀಕ್ಷೆ. ಜೂನ್ ಬೇಡ, ಹಾವೇರಿ-ಗದಗ ಕಡೆಯ ಎಷ್ಟೋ ಆಟಗಾರರು ಬಿತ್ತನೆಯಲ್ಲಿರುತ್ತಾರೆ. ಗಣೇಶ ಹಬ್ಬದ ವಾರ ಹುಬ್ಬಳ್ಳಿಯಲ್ಲಿ ಯಾರೂ ಕೈಗೆ ಸಿಗುವುದಿಲ್ಲ.

ಎಣಿಕೆ: ಪ್ರಾಶಸ್ತ್ಯದ ಮತ

ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ‘ಐದು ಸ್ಥಾನ, ಪ್ರತಿಯೊಬ್ಬರಿಗೆ ಐದು ಮತ, ಹೆಚ್ಚು ಬಂದವರು ಗೆದ್ದರು’ ಎಂಬುದು ಸರಳವಾಗಿ ಕಾಣುತ್ತದೆ. ಒಟ್ಟು 1,200 ಜನ ಮತ ಹಾಕಿದರು, ಒಂದು ದೊಡ್ಡ ಗಿಲ್ಡ್‌ನವರು ಅದರಲ್ಲಿ 480 ಜನ ಎನ್ನಿ. ಅವರು ತಮ್ಮ ಐವರಿಗೇ ಹಾಕುತ್ತಾರೆ, ಐವರಿಗೂ ತಲಾ 480. ಉಳಿದ 720 ಜನರ 3,600 ಮತ ಹದಿನಾಲ್ಕು ಅಭ್ಯರ್ಥಿಗಳಲ್ಲಿ ಹರಿದು ಹಂಚಿಹೋದರೆ ತಲಾ ಸರಾಸರಿ 257. ಶೇ 40 ಮತಕ್ಕೆ ಐದಕ್ಕೆ ಐದೂ ಸ್ಥಾನ!

ನಮ್ಮ ಕಡೆಯವರಿಗೆ ಇದಕ್ಕೆ ಪರಿಹಾರ ಗೊತ್ತಿರುವುದೇ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ಮತಪತ್ರದ ಮೇಲೆ 1, 2, 3 ಎಂದು ಬರೆಯುತ್ತಾರಲ್ಲ, ಅದನ್ನೇ ಹಲವು ಸ್ಥಾನಗಳಿಗೆ ಹಿಗ್ಗಿಸಿ. ‘ಈವ್’ ಕೂಡ 2013ರಿಂದ ಈ ವರ್ಗಾವಣೆ ಮತದ ಪದ್ಧತಿಗೇ ಬಂತು.

ಲೆಕ್ಕ ಹೀಗೆ: ಒಟ್ಟು ಮತವನ್ನು ಸ್ಥಾನಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ ಒಂದು ಕೂಡಿಸಿ. 1,200ನ್ನು 6ರಿಂದ ಭಾಗಿಸಿದರೆ 200, ಕೋಟಾ (ಗೆಲ್ಲಲು ಬೇಕಾದ ಮತ) 201. ಮೊದಲ ಪ್ರಾಶಸ್ತ್ಯದಲ್ಲಿ ಕೋಟಾ ಮುಟ್ಟಿದವರು ಗೆದ್ದರು, ಅವರ ಹೆಚ್ಚುವರಿ ಮತ ಅವರಿಗೆ ಹಾಕಿದವರು ಬರೆದ ಮುಂದಿನ ಪ್ರಾಶಸ್ತ್ಯಗಳಿಗೆ ಅವುಗಳ ಪ್ರಮಾಣದಲ್ಲಿ ಹೋಗುತ್ತದೆ. ಯಾರೂ ಮುಟ್ಟದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತ ಹಂಚುತ್ತೀರಿ. ಆ ಗಿಲ್ಡ್‌ನ 480ರಲ್ಲಿ ಎರಡು ಕೋಟಾ, ಅಂದರೆ 402, ಹೋಗಿ 78 ಉಳಿಯುತ್ತದೆ. ಎರಡು ಸ್ಥಾನ ಸಿಕ್ಕಿತು. ಉಳಿದ 720ರಲ್ಲಿ ಮೂರು ಕೋಟಾ ಆಗುತ್ತದೆ.

ಆದರೆ ಆ 720 ಜನ ಬರೀ ‘1’ ಎಂದು ಬರೆದು ಬಿಟ್ಟರೆ, ಅವರ ಅಭ್ಯರ್ಥಿ ಹೊರಬಿದ್ದೊಡನೆ ಮತ ಮುಂದೆ ಹೋಗಲು ದಾರಿಯಿಲ್ಲದೆ ಸತ್ತುಹೋಗುತ್ತದೆ. ಆಗ ಉಳಿದ 78ರಲ್ಲೇ ಗಿಲ್ಡ್‌ನ ಮೂರನೆಯವನೂ ಒಳಬರಬಹುದು. ಆದ್ದರಿಂದ ಮತದ ಪರದೆಯಲ್ಲಿ ‘ಕನಿಷ್ಠ ಐವರನ್ನು ಕ್ರಮವಾಗಿ ಆರಿಸಿ’ ಎಂದು ಎದ್ದು ಕಾಣುವಂತೆ ಬರೆಯಿರಿ. ಅಭ್ಯರ್ಥಿಗಳ ಹೆಸರು ಪ್ರತಿಯೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ಬರಲಿ. ಮೇಲಿದ್ದವರನ್ನೇ ಒತ್ತುವ ಅಭ್ಯಾಸ ಎಲ್ಲರಿಗೂ ಇದೆ. ಫಲಿತಾಂಶದ ಜೊತೆ ಹೆಸರಿಲ್ಲದ ಮತಗಳ ಕಡತವನ್ನೂ ಹೊರಹಾಕಿ, ಬೇಕಾದವರು ಎಣಿಸಿಕೊಳ್ಳಲಿ.

ಸಭೆ

ತಿಂಗಳಿಗೊಂದು, ಒಂದು ಗಂಟೆ, ಮೂರೇ ವಿಷಯ. ವಿಷಯಪಟ್ಟಿ ಏಳು ದಿನ ಮುಂಚೆ ಕೈಸೇರಬೇಕು. ಮಾತು ಕನ್ನಡದಲ್ಲಿರಲಿ. ಇಂಗ್ಲಿಷಿಗೆ ಹೊರಳಿದ ಸಭೆಯಲ್ಲಿ ಮೂವರು ಮಾತಾಡಿ ಇಬ್ಬರು ಮ್ಯೂಟ್ ಆಗುತ್ತಾರೆ.

ಬದಲಾವಣೆ ಇನ್ನೂ ಅಗ್ಗವಾಗಿರುವಾಗ ತೋರಿಸಿ. ಕೋಡ್ ಬರೆದು, ಆರ್ಟ್ ಮುಗಿಸಿ, ಬಿಡುಗಡೆಗೆ ನಾಲ್ಕು ದಿನ ಇರುವಾಗ ತೋರಿಸಿದರೆ ಅದು ಸಲಹೆ ಕೇಳಿದಂತಲ್ಲ, ರುಜು ಹಾಕಿಸಿಕೊಂಡಂತೆ. 2011ರಲ್ಲಿ ‘ಈವ್’ನಲ್ಲಿ ಒಂದು ಅಲಂಕಾರದ ಒಂಟಿಗಣ್ಣಿನ ಕನ್ನಡಕ ಸುಮಾರು 60 ಡಾಲರ್‌ಗೆ ಬಂದಾಗ ಆಟಗಾರರು ಸಿಟ್ಟಿಗೆದ್ದು ಆಟದೊಳಗೇ ಪ್ರತಿಭಟಿಸಿದರು. ಕಂಪನಿ ಪರಿಷತ್ತಿನವರನ್ನು ತುರ್ತಾಗಿ ರೇಕ್ಯವಿಕ್‌ಗೆ ಕರೆಸಿ ಮಾತುಕತೆ ನಡೆಸಬೇಕಾಯಿತು.

‘ಏನು ಸೇರಿಸೋಣ?’ ಎಂದು ಕೇಳಬೇಡಿ, ‘ಎಲ್ಲಿ ಬಿಟ್ಟು ಹೋಗುತ್ತಿದ್ದೀರಿ, ಯಾಕೆ?’ ಎಂದು ಕೇಳಿ. ಆಟಗಾರರು ತೊಂದರೆಯನ್ನು ಸರಿಯಾಗಿ ಹೇಳುತ್ತಾರೆ, ಪರಿಹಾರವನ್ನು ಹೆಚ್ಚಾಗಿ ತಮಗೆ ಬೇಕಾದಂತೆ ಹೇಳುತ್ತಾರೆ. ನಿಮ್ಮ ಅಂಕಿಗಳನ್ನೂ ಮುಂದಿಡಿ. ‘ಎಲ್ಲರೂ ಈ ನಕ್ಷೆ ಬೇಡ ಅಂತಾರ್ರಿ’ ಎಂದಾಗ ಆ ನಕ್ಷೆಯಲ್ಲಿ (ಪಂದ್ಯ ನಡೆಯುವ ಆಟದ ಜಾಗ) ನಿಜಕ್ಕೂ ಎಷ್ಟು ಪಂದ್ಯ ನಡೆದವು ಎಂಬುದು ಪರದೆಯ ಮೇಲಿರಬೇಕು.

ಐದು ದಿನದೊಳಗೆ ನಡಾವಳಿ ಪ್ರಕಟವಾಗಲಿ. ಪ್ರತಿ ವಿಷಯಕ್ಕೂ ಇಷ್ಟೇ ಸಾಕು:

‘ವಿಷಯ: ಸಂತೆ ತೆರಿಗೆ ಶೇ 5ರಿಂದ 8ಕ್ಕೆ. ಪರಿಷತ್ತು: ವಿರೋಧ (4-1), ಹೊಸಬರಿಗೆ ಹೊರೆ. ಸ್ಟುಡಿಯೋ: ಭಾಗಶಃ ಒಪ್ಪಿಗೆ, 20ನೇ ಹಂತದವರೆಗೆ ಶೇ 5. ಕಾರಣ: ಆಟದಲ್ಲಿ ಚಿನ್ನ ಹೆಚ್ಚಾಗಿ ಬೆಲೆ ಏರುತ್ತಿದೆ. ಮರುಪರಿಶೀಲನೆ: ಎರಡು ತಿಂಗಳ ನಂತರ.’

‘ತಾಂತ್ರಿಕ ಕಾರಣ’ ಎಂಬ ಉತ್ತರವನ್ನು ನಿಷೇಧಿಸಿಬಿಡಿ. ಸರ್ವರ್ ಖರ್ಚೋ, ಜನ ಸಾಲದ್ದೋ, ಹಳೆಯ ಕೋಡ್ ಮುಟ್ಟಲು ಹೆದರಿಕೆಯೋ, ಇದ್ದದ್ದನ್ನು ಬರೆಯಿರಿ. ಕಾರಣ ಸಹಿತ ‘ಆಗೂದಿಲ್ಲ’ ಎಂದರೆ ಜನ ಒಪ್ಪದಿದ್ದರೂ ತಾಳಿಕೊಳ್ಳುತ್ತಾರೆ.

ಪರಿಷತ್ತು ಬಿಟ್ಟು ಎಲ್ಲವನ್ನೂ ನೇರ ಮತಕ್ಕೆ ಹಾಕುವ ದಾರಿಯೂ ಇದೆ. 2013ರ ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಎಂಬ ಆನ್‌ಲೈನ್ ಗೇಮ್‌ನಲ್ಲಿ ಹೊಸದೇನಾದರೂ ಬರಲು ಶೇ 75 ಮತ ಬೇಕಿತ್ತು, 2022ರಲ್ಲಿ ಅದನ್ನು 70ಕ್ಕೆ ಇಳಿಸಿದರು. ಕೆಲವರಿಗಷ್ಟೇ ಉಪಯೋಗವಾಗುವ ಬದಲಾವಣೆ ಅಲ್ಲಿ ಪಾಸಾಗುವುದು ಕಷ್ಟ. ನಾಲ್ಕು ಜನರ ತಂಡಕ್ಕೆ ಪರಿಷತ್ತೇ ಲೇಸು.

ಗುಟ್ಟು ಮತ್ತು ವ್ಯಾಪಾರ

ಮುಂದಿನ ತಿಂಗಳು ಯಾವ ಕತ್ತಿ ಅಪರೂಪವಾಗುತ್ತದೆ ಎಂದು ಗೊತ್ತಿದ್ದವರು ಇಂದೇ ನೂರು ಕತ್ತಿ ಕೊಂಡಿಡಬಹುದು. ಗುಟ್ಟಿನ ವಿಷಯ ತಿಳಿದ ದಿನದಿಂದ ಅಪ್‌ಡೇಟ್ ಬರುವವರೆಗೆ ಸದಸ್ಯರ ವಹಿವಾಟಿನ ಲಾಗ್ ನೋಡುತ್ತೇವೆ ಎಂದು ಮೊದಲೇ ಲಿಖಿತವಾಗಿ ತಿಳಿಸಿ, ಹೇಳಿದಂತೆ ನೋಡಿ. ಸದಸ್ಯರಿಗೆ ಗುಟ್ಟಿನ ಯೋಜನೆಯ ಕಡತ ಕಳಿಸುವಾಗ ಪ್ರತಿಯೊಬ್ಬರ ಪ್ರತಿಯಲ್ಲೂ ಒಂದೆರಡು ಪದ ಬೇರೆ ಇರಲಿ, ಸೋರಿದರೆ ಯಾರ ಪ್ರತಿ ಎಂದು ತಿಳಿಯುತ್ತದೆ. ಹಾಗೆಂದು ತಿಳಿದೊಡನೆ ಹೆಸರು ಹೊರಹಾಕಬೇಡಿ. 2019ರಲ್ಲಿ ಸಿಸಿಪಿ ಒಬ್ಬ ಸದಸ್ಯರನ್ನು ಗುಟ್ಟು ಹೊರಬಿಟ್ಟ ಆರೋಪದ ಮೇಲೆ ಬಹಿರಂಗವಾಗಿ ತೆಗೆದುಹಾಕಿ, ಕೆಲವೇ ವಾರಗಳಲ್ಲಿ ಆರೋಪ ನಿಲ್ಲುವುದಿಲ್ಲವೆಂದು ಕಂಡು ಕ್ಷಮೆ ಕೇಳಿತು. ಅನುಮಾನ ಬಂದರೆ ಕಡತ ಕಳಿಸುವುದನ್ನು ಮಾತ್ರ ನಿಲ್ಲಿಸಿ, ಅವರ ಮಾತು ಕೇಳಿ, ಲಾಗ್ ತೋರಿಸಿ, ಆಮೇಲೆ ನಿರ್ಧರಿಸಿ.

ಸದಸ್ಯರಿಗೆ ಗೌರವಧನ ಕೊಡಲಾಗದಿದ್ದರೆ ಮಾರಲು ಬಾರದ ಬ್ಯಾಡ್ಜ್ ಕೊಡಿ. ವರ್ಷಕ್ಕೊಮ್ಮೆ ಹುಬ್ಬಳ್ಳಿಯಲ್ಲಿ ಮುಖಾಮುಖಿ ಸಭೆ ಕರೆದು ಬಸ್ ಚಾರ್ಜು, ಊಟ ನೋಡಿಕೊಳ್ಳಿ. ಬೆಳಿಗ್ಗೆ 11ಕ್ಕೆ ಶುರು ಮಾಡಿ 4ಕ್ಕೆ ಮುಗಿಸಿದರೆ ಗದಗ, ಹಾವೇರಿಯವರು ಕತ್ತಲಾಗುವ ಹೊತ್ತಿಗೆ ಊರು ಸೇರುತ್ತಾರೆ.

ಮೊದಲ ಅವಧಿ ಆರು ತಿಂಗಳಿರಲಿ, ಆಮೇಲೆ ಒಂದು ವರ್ಷ ಮಾಡಿ. ನಡುವೆ ಯಾರಾದರೂ ಬಿಟ್ಟುಹೋದರೆ ಉಪಚುನಾವಣೆ ಬೇಡ. ಅವರ ಹೆಸರು ತೆಗೆದು ಹಳೆಯ ಮತಗಳನ್ನೇ ಮತ್ತೆ ಎಣಿಸಿ. ಈಗಿರುವ ಸದಸ್ಯರು ಮರುಎಣಿಕೆಯಲ್ಲಿ ಸ್ಥಾನ ಕಳೆದುಕೊಳ್ಳುವುದಿಲ್ಲ ಎಂಬ ಸಾಲು ನಿಯಮಾವಳಿಯಲ್ಲಿ ಮೊದಲೇ ಇರಬೇಕು.